ಬೌದ್ಧಿಕ ವಿಕಲತೆಯ ಸಂಶೋಧನಾ ಕೇಂದ್ರ ನಡೆಸುವುದು ಹೇಗೆ? ತುಮಕೂರು ಸೀಮೆಯ ಅಧ್ಯಾಪಕರಿಗೆ ಒಂದು ಮಾರ್ಗದರ್ಶಿ

"ನಮ್ಮ ವಿಶ್ವವಿದ್ಯಾಲಯದಲ್ಲೂ ಬೌದ್ಧಿಕ ವಿಕಲತೆ ಬಗ್ಗೆ ಒಂದು ಸಂಶೋಧನಾ ಕೇಂದ್ರ ಮಾಡಬೇಕು ಅಂತಿದೆ, ಎಲ್ಲಿಂದ ಶುರು ಮಾಡೋದು?" ಮನಶ್ಶಾಸ್ತ್ರ, ಸಮಾಜಕಾರ್ಯ, ಶಿಕ್ಷಣಶಾಸ್ತ್ರ ವಿಭಾಗಗಳ ಅಧ್ಯಾಪಕರಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಕೇಂದ್ರ ಈಗಾಗಲೇ ಇರುವ ಕಡೆಯಿಂದ ಬರುವ ಪ್ರಶ್ನೆ ಬೇರೆ: "ಅನುದಾನ ಬಂತು, ಬೋರ್ಡು ಹಾಕಿದ್ದೂ ಆಯಿತು, ಆದರೆ ಕುಟುಂಬಗಳೇ ಬರುತ್ತಿಲ್ಲ, ಏನು ಮಾಡೋದು?"

ಎರಡನೆಯ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ಮೊದಲನೆಯದಕ್ಕೆ ಕೈಹಾಕಬೇಡಿ. ಕಡತ, ಹಣ, ಸಿಬ್ಬಂದಿ, ಅನುಮತಿ ಎಲ್ಲವೂ ಆಡಳಿತವೇ, ನಿಜ. ಆದರೆ ದೊಡ್ಡ ಮಗುವನ್ನು ಎತ್ತಿಕೊಂಡು ಎರಡು ಬಸ್ಸು ಬದಲಾಯಿಸಿ ಬರುವ ತಾಯಿಗೆ ಒಗ್ಗುವಂತೆ ಆ ನಿಯಮಗಳು ಇಲ್ಲದಿದ್ದರೆ ಸಂಶೋಧನೆ ಕಾಗದದ ಮೇಲೇ ಉಳಿಯುತ್ತದೆ. ಕೆಳಗಿನ ಒಂದೊಂದು ಹಂತದಲ್ಲೂ ಈ ಮಾತು ನೆನಪಿರಲಿ.

ಮೊದಲಿಗೆ ಪದಗಳು. ಬೌದ್ಧಿಕ ವಿಕಲತೆ ಎಂದರೆ ಕಲಿಯುವ, ಆಲೋಚಿಸುವ ಶಕ್ತಿಯಲ್ಲಿ ಗಣನೀಯ ಮಿತಿ. ಜೊತೆಗೆ ಊಟ, ಸ್ನಾನ, ಮಾತುಕತೆ, ಹಣದ ಲೆಕ್ಕದಂತಹ ದಿನನಿತ್ಯದ ಕೌಶಲಗಳಲ್ಲೂ ಮಿತಿ. ಇವೆರಡೂ ಬೆಳೆಯುವ ವಯಸ್ಸಿನಲ್ಲೇ ಕಾಣಿಸಿಕೊಂಡಿರಬೇಕು. ಐ.ಕ್ಯೂ. (ಬುದ್ಧಿಮತ್ತೆ ಪರೀಕ್ಷೆಯ ಅಂಕ) 70ಕ್ಕಿಂತ ಕಡಿಮೆ ಬಂತು ಎಂಬುದೊಂದೇ ಸಾಲದು. ಬೆಳವಣಿಗೆಯ ವಿಕಲತೆ ಇನ್ನೂ ವಿಶಾಲವಾದ ಗುಂಪು. ಆಟಿಸಂ (ಇತರರೊಡನೆ ಬೆರೆಯುವುದರಲ್ಲಿ, ಸಂವಹನದಲ್ಲಿ ತೊಂದರೆ), ಸೆರೆಬ್ರಲ್ ಪಾಲ್ಸಿ (ಬೆಳೆಯುತ್ತಿರುವ ಮೆದುಳಿಗೆ ಆದ ಪೆಟ್ಟಿನಿಂದ ಚಲನೆಗೆ ತೊಂದರೆ), ಕಲಿಕಾ ನ್ಯೂನತೆ ಎಲ್ಲ ಅದರಲ್ಲಿ ಬರುತ್ತವೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಒಟ್ಟು 21 ಬಗೆಯ ವಿಕಲತೆಗಳನ್ನು ಗುರುತಿಸುತ್ತದೆ. ಬೌದ್ಧಿಕ ವಿಕಲತೆ ಮಾನಸಿಕ ಕಾಯಿಲೆಯಲ್ಲ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ ವ್ಯಾಖ್ಯೆಯೇ ಬೌದ್ಧಿಕ ವಿಕಲತೆಯನ್ನು ಹೊರಗಿಟ್ಟಿದೆ. ಮನೋವೈದ್ಯಕೀಯ ಅಧ್ಯಯನಗಳ ಒಪ್ಪಿಗೆ ಪತ್ರವನ್ನು ಹಾಗೇ ನಕಲು ಮಾಡಿ ಬಳಸುವವರು ಇದನ್ನು ಗಮನಿಸಬೇಕು.

1. ಆದೇಶ ಪತ್ರದಲ್ಲಿ ಏನಿರಬೇಕು

ರಾಜ್ಯದ ವಿಶ್ವವಿದ್ಯಾಲಯಗಳು 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಯ ಕೆಳಗೆ ನಡೆಯುತ್ತವೆ. 2004ರಲ್ಲಿ ಶುರುವಾದ ತುಮಕೂರು ವಿಶ್ವವಿದ್ಯಾಲಯವೂ ಹಾಗೇ. ವಿಭಾಗದ ಪ್ರಸ್ತಾವನೆ ವಿದ್ಯಾವಿಷಯಕ ಪರಿಷತ್ತು, ಸಿಂಡಿಕೇಟುಗಳ ಮುಂದೆ ಹೋಗಬೇಕು. ಖರ್ಚಿನ ಬಾಬತ್ತು ಇದ್ದರೆ ಹಣಕಾಸು ಸಮಿತಿಯನ್ನೂ ದಾಟಬೇಕು. ಕುಲಪತಿಗಳ ಬಾಯಿಮಾತಿನ ಒಪ್ಪಿಗೆ ನಂಬಿ ಕೆಲಸ ಶುರು ಮಾಡಿದರೆ, ಕುಲಪತಿ ಬದಲಾದ ದಿನ ಕೇಂದ್ರವೂ ನಿಂತುಹೋಗುತ್ತದೆ. ಡೀಮ್ಡ್ ವಿಶ್ವವಿದ್ಯಾಲಯದಲ್ಲಿ ದಾರಿ ಬೇರೆಯಾದರೂ ಲಿಖಿತ ಆದೇಶ ಬೇಕೇ ಬೇಕು.

ಆದೇಶದಲ್ಲಿ ನಾಲ್ಕು ಸಂಗತಿ ಸ್ಪಷ್ಟವಾಗಿರಲಿ: ನಿರ್ದೇಶಕರ ಅವಧಿ ಎಷ್ಟು, ಎಷ್ಟು ಮೊತ್ತದವರೆಗೆ ಅವರೇ ಮಂಜೂರು ಮಾಡಬಹುದು, ಅವರು ನಿವೃತ್ತರಾದರೆ ಅಥವಾ ಬಿಟ್ಟುಹೋದರೆ ಕುಟುಂಬಗಳ ದಾಖಲೆ ಯಾರ ವಶಕ್ಕೆ ಹೋಗುತ್ತದೆ, ಕೇಂದ್ರ ಮುಚ್ಚಿದರೆ ಏನಾಗುತ್ತದೆ. ಕೊನೆಯ ಎರಡನ್ನು ಬರೆದಿಡುವವರು ಬಹಳ ಕಡಿಮೆ. ಹೀಗಾಗಿಯೇ ಎಷ್ಟೋ ಕಡೆ ಮಕ್ಕಳ ಪರೀಕ್ಷಾ ವರದಿಗಳು ನಿವೃತ್ತ ಪ್ರಾಧ್ಯಾಪಕರ ಮನೆಯ ಅಟ್ಟ ಸೇರುತ್ತವೆ.

ರಚನೆಗೆ ಒಂದು ಹಳೆಯ ಮಾದರಿ ಇದೆ. ಅಮೆರಿಕದಲ್ಲಿ 1963ರಲ್ಲಿ ಅಧ್ಯಕ್ಷ ಕೆನಡಿ ಸಹಿ ಹಾಕಿದ ಕಾಯ್ದೆಯೊಂದರಿಂದ ಇಂತಹ ವಿಶ್ವವಿದ್ಯಾಲಯ ಕೇಂದ್ರಗಳು ಹುಟ್ಟಿದವು. ಅಲ್ಲಿ ಆಡಳಿತಕ್ಕೊಂದು ಘಟಕ ಇರುತ್ತದೆ. ಪರೀಕ್ಷೆ, ತಳಿಶಾಸ್ತ್ರ, ಅಂಕಿಅಂಶ ಮುಂತಾದವಕ್ಕೆ ಎಲ್ಲ ಸಂಶೋಧಕರೂ ಹಂಚಿಕೊಂಡು ಬಳಸುವ ಸಾಮಾನ್ಯ ಘಟಕಗಳಿರುತ್ತವೆ. ಸಂಶೋಧನಾ ಯೋಜನೆಗಳು ಇವುಗಳ ಆಸರೆಯಲ್ಲಿ ನಡೆಯುತ್ತವೆ. ನಮ್ಮ ಅಳತೆಗೆ ಅಷ್ಟೆಲ್ಲ ಬೇಡ. ಆದರೆ ಒಬ್ಬ ಸಂಶೋಧಕಿ ಕೊಂಡ ಪರೀಕ್ಷಾ ಕಿಟ್ಟನ್ನು ಇನ್ನೊಬ್ಬರೂ ಬಳಸುವ ಹಾಗೆ, ಒಂದೇ ಮಗುವಿಗೆ ಮೂರು ಯೋಜನೆಗಳವರು ಮೂರು ಸಲ ಅದೇ ಪರೀಕ್ಷೆ ಮಾಡದ ಹಾಗೆ ವ್ಯವಸ್ಥೆ ಮಾಡಿಕೊಳ್ಳುವುದು ಇಲ್ಲಿಯೂ ಸಾಧ್ಯ.

ಸಲಹಾ ಸಮಿತಿ ಬಗ್ಗೆ ಒಂದು ಮಾತು. ಮಕ್ಕಳ ವೈದ್ಯರು, ವಿಶೇಷ ಶಾಲೆಯವರು, ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಇರಲಿ. ಇಬ್ಬರು ಪೋಷಕರು, ಬೌದ್ಧಿಕ ವಿಕಲತೆ ಇರುವ ಒಬ್ಬ ವಯಸ್ಕರು ಕಡ್ಡಾಯವಾಗಿ ಇರಲಿ. ಅವರನ್ನು ಶಾಲು ಹೊದಿಸಲಿಕ್ಕಷ್ಟೇ ಕರೆಯಬೇಡಿ. ಸಭೆಯ ಟಿಪ್ಪಣಿ ಒಂದು ವಾರ ಮುಂಚೆ ಸರಳ ಕನ್ನಡದಲ್ಲಿ ಕೈಸೇರಲಿ, ಆ ದಿನದ ಕೂಲಿ ನಷ್ಟವನ್ನು ತುಂಬಿಕೊಡಿ.

2. ಜಿಲ್ಲೆಯಲ್ಲಿ ಈಗಾಗಲೇ ಓಡಾಡುತ್ತಿರುವವರನ್ನು ಮೊದಲು ಕಾಣಿ

ತುಮಕೂರು ಜಿಲ್ಲೆಯಲ್ಲಿ ಹತ್ತು ತಾಲ್ಲೂಕು. ಪಾವಗಡ ಬಹುತೇಕ ಆಂಧ್ರದೊಳಗೇ ಇದೆ. ಅಲ್ಲಿಂದ ತುಮಕೂರಿಗೆ ಬಂದು ಹೋಗುವುದೆಂದರೆ ಇಡೀ ದಿನ ಕಳೆಯಿತೆಂದೇ ಅರ್ಥ. ಯಾರ ಮನೆಯಲ್ಲಿ ಇಂತಹ ಮಗು ಇದೆ ಎಂಬುದು ನಿಮಗಿಂತ ಮೊದಲು ಗೊತ್ತಿರುವುದು ಗ್ರಾಮ ಪಂಚಾಯಿತಿಯ ವಿ.ಆರ್.ಡಬ್ಲ್ಯೂ. (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು), ತಾಲ್ಲೂಕು ಮಟ್ಟದ ಎಂ.ಆರ್.ಡಬ್ಲ್ಯೂ. (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು), ಆಶಾ, ಅಂಗನವಾಡಿ ಕಾರ್ಯಕರ್ತೆಯರು ಮತ್ತು ಶಿಕ್ಷಣ ಇಲಾಖೆಯ ಬಿ.ಐ.ಇ.ಆರ್.ಟಿ. (ವಿಕಲತೆ ಇರುವ ಮಕ್ಕಳ ಕಲಿಕೆ ನೋಡಿಕೊಳ್ಳುವ) ಶಿಕ್ಷಕರಿಗೆ. ಈ ಶಿಕ್ಷಕರು ಶಾಲೆಗೆ ಬರಲಾಗದ ಮಕ್ಕಳ ಮನೆಗೇ ಹೋಗುತ್ತಾರೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು 2013ರಿಂದ 18 ವರ್ಷದೊಳಗಿನವರನ್ನು ಅಂಗನವಾಡಿ, ಶಾಲೆಗಳಲ್ಲಿ ತಪಾಸಣೆ ಮಾಡಿ, ಬೆಳವಣಿಗೆ ಕುಂಠಿತವಾಗಿದೆ ಅನಿಸಿದರೆ ಜಿಲ್ಲಾ ಮಟ್ಟದ ಆರಂಭಿಕ ಚಿಕಿತ್ಸಾ ಕೇಂದ್ರಕ್ಕೆ (ಡಿ.ಇ.ಐ.ಸಿ.) ಕಳಿಸುತ್ತವೆ.

ಇವರನ್ನೆಲ್ಲ "ಡೇಟಾ ಕೊಡಿ" ಎಂದು ಕೇಳಲು ಹೋಗಬೇಡಿ. ಹೆಸರಿನ ಪಟ್ಟಿಯನ್ನು ಹೊರಗಿನವರಿಗೆ ಕೊಡುವ ಅಧಿಕಾರ ಅವರಿಗಿಲ್ಲ. ನಿಮ್ಮ ಅಧ್ಯಯನದ ಕರಪತ್ರವನ್ನು ಅವರ ಮೂಲಕ ಮನೆಗಳಿಗೆ ತಲುಪಿಸಿ. ಬರಬೇಕೋ ಬೇಡವೋ ಎಂದು ಮನೆಯವರೇ ತೀರ್ಮಾನಿಸಿ ಫೋನ್ ಮಾಡಲಿ.

ಇನ್ನು 2011ರ ಜನಗಣತಿ ನೆಚ್ಚಿಕೊಂಡು ಪ್ರಸ್ತಾವನೆ ಬರೆಯುವವರಿಗೆ ಎಚ್ಚರಿಕೆ: ಆಗ ಲೆಕ್ಕ ಹಾಕಿದ್ದು ಎಂಟು ವರ್ಗಗಳಲ್ಲಿ, ಆಟಿಸಂಗೆ ಪ್ರತ್ಯೇಕ ಕಾಲಂ ಇರಲಿಲ್ಲ. ಆ ಅಂಕಿ ಹಿಡಿದು "ಜಿಲ್ಲೆಯಲ್ಲಿ ಆಟಿಸಂ ಇಷ್ಟು" ಎಂದು ಬರೆದರೆ ಪರಿಶೀಲಕರು ಮೊದಲ ಪುಟದಲ್ಲೇ ಹಿಡಿಯುತ್ತಾರೆ.

3. ಅನುಮತಿ: ಒಂದಲ್ಲ, ಎರಡು

ಹೆಚ್ಚಿನವರು ಎಡವುವುದು ಇಲ್ಲೇ. ಎಥಿಕ್ಸ್ ಕಮಿಟಿ ಎಂದರೆ ಸಂಶೋಧನೆಯಲ್ಲಿ ಭಾಗವಹಿಸುವವರಿಗೆ ಅಪಾಯ, ಅನ್ಯಾಯ ಆಗದಂತೆ ಮುಂಚೆಯೇ ಪರಿಶೀಲಿಸುವ ಸಮಿತಿ. ಐ.ಸಿ.ಎಂ.ಆರ್.ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಪ್ರಕಾರ ಅದರ ಅಧ್ಯಕ್ಷರು ಸಂಸ್ಥೆಯ ಹೊರಗಿನವರಾಗಿರಬೇಕು, ಸದಸ್ಯ ಕಾರ್ಯದರ್ಶಿ ಒಳಗಿನವರು. ಆರೋಗ್ಯ ಸಂಶೋಧನೆ ನೋಡುವ ಸಮಿತಿ ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆಯಲ್ಲಿ ನೋಂದಾಯಿಸಿರಬೇಕು. ನಿಮ್ಮಲ್ಲಿ ಅಂತಹ ಸಮಿತಿ ಇಲ್ಲದಿದ್ದರೆ ಹತ್ತಿರದ ವೈದ್ಯಕೀಯ ಕಾಲೇಜಿನ ಸಮಿತಿಯೊಂದಿಗೆ ಒಡಂಬಡಿಕೆ ಮಾಡಿಕೊಳ್ಳಬಹುದು. ಇಷ್ಟು ಬಹುತೇಕರಿಗೆ ಗೊತ್ತು.

ಗೊತ್ತಿಲ್ಲದ್ದು ವಿಕಲಚೇತನರ ಹಕ್ಕುಗಳ ಕಾಯ್ದೆಯ 6ನೇ ಕಲಂ, 2ನೇ ಉಪಕಲಂ. ವಿಕಲಚೇತನರನ್ನು ಯಾವುದೇ ಸಂಶೋಧನೆಗೆ ಒಳಪಡಿಸಬೇಕಾದರೆ, ಅವರಿಗೆ ಅರ್ಥವಾಗುವ ವಿಧಾನದಲ್ಲಿ ತಿಳಿಸಿ ಪಡೆದ ಮುಕ್ತ ಒಪ್ಪಿಗೆ ಬೇಕು. ಅದರ ಜೊತೆಗೆ ಸರ್ಕಾರ ರಚಿಸಿದ ವಿಕಲತಾ ಸಂಶೋಧನಾ ಸಮಿತಿಯ ಪೂರ್ವಾನುಮತಿಯೂ ಬೇಕು. ಆ ಸಮಿತಿಯ ಕನಿಷ್ಠ ಅರ್ಧದಷ್ಟು ಸದಸ್ಯರು ಸ್ವತಃ ವಿಕಲಚೇತನರು ಅಥವಾ ಅವರ ನೋಂದಾಯಿತ ಸಂಸ್ಥೆಗಳವರು ಆಗಿರಬೇಕು. ಕಾಯ್ದೆಯ ಮಾತು "ಯಾವುದೇ ಸಂಶೋಧನೆ" ಎಂದಿದೆ. ಔಷಧ ಪ್ರಯೋಗ ಮಾತ್ರ ಎಂದಲ್ಲ. ಪ್ರಶ್ನಾವಳಿ ಹಿಡಿದು ಹೋಗುವ ಪಿಎಚ್.ಡಿ. ವಿದ್ಯಾರ್ಥಿಗೂ ಇದು ಅನ್ವಯ ಎಂದೇ ಭಾವಿಸಿ ನಡೆಯಿರಿ. ರಾಜ್ಯದ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗೆ ಕುಲಸಚಿವರ ಸಹಿಯಲ್ಲಿ ಪತ್ರ ಬರೆದು, ಪ್ರತಿಯನ್ನು ವಿಕಲಚೇತನರ ರಾಜ್ಯ ಆಯುಕ್ತರಿಗೂ ಕಳಿಸಿ, ಉತ್ತರವನ್ನು ಕಡತದಲ್ಲಿಡಿ. ಇದಕ್ಕೆ ಸಮಯ ಹಿಡಿಯುತ್ತದೆ. ಅನುದಾನದ ಮೊದಲ ಕಂತು ಬಂದ ಮೇಲೆ ಈ ಪತ್ರ ಬರೆಯಲು ಕೂತರೆ ಆಗಲೇ ತಡವಾಗಿರುತ್ತದೆ. ವಿದೇಶಿ ಸಂಸ್ಥೆಯ ಜೊತೆ ಆರೋಗ್ಯ ಸಂಶೋಧನೆಯಾದರೆ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಒಪ್ಪಿಗೆಯೂ ಸೇರುತ್ತದೆ.

4. ಒಪ್ಪಿಗೆ ಎಂದರೆ ಹೆಬ್ಬೆಟ್ಟಲ್ಲ

ಮಕ್ಕಳ ವಿಷಯದಲ್ಲಿ ಐ.ಸಿ.ಎಂ.ಆರ್. ಹೇಳುವುದು ಹೀಗೆ: ಪೋಷಕರ ಒಪ್ಪಿಗೆ ಯಾವಾಗಲೂ ಬೇಕು, 7ರಿಂದ 12ರ ಮಗುವಿನ ಬಾಯಿಮಾತಿನ ಸಮ್ಮತಿ, 12ರಿಂದ 18ರವರ ಬರಹದ ಸಮ್ಮತಿಯೂ ಬೇಕು. ವಯಸ್ಸು ಹನ್ನೆರಡು, ಅರಿವು ನಾಲ್ಕರದ್ದು ಎನ್ನುವ ಮಗುವಿಗೆ ಇದನ್ನು ಹೇಗೆ ಅನ್ವಯಿಸುವುದು? ಚಿತ್ರ ತೋರಿಸಿ, ಆಟಿಕೆ ಕೊಟ್ಟು, ಕೋಣೆ ಸುತ್ತಾಡಿಸಿ, ಆಮೇಲೆ ಕೇಳಿ. ಮಾತು ಬಾರದ ಮಗು ಮುಖ ತಿರುಗಿಸಿತು, ಕಿವಿ ಮುಚ್ಚಿಕೊಂಡಿತು, ಬಾಗಿಲ ಕಡೆ ಎದ್ದು ಹೋಯಿತು ಎಂದರೆ ಅದು "ಬೇಡ" ಅಂದಂತೆ. ತಾಯಿ ಸಹಿ ಹಾಕಿದ್ದಾರೆ ಎಂದು ಮುಂದುವರಿಯಬಾರದು. ಯಾವ ಯಾವ ಸನ್ನೆಯನ್ನು ನಿರಾಕರಣೆ ಎಂದು ಎಣಿಸುತ್ತೀರಿ ಎಂಬುದನ್ನು ತಾಯಿಯನ್ನೇ ಕೇಳಿ, ಪ್ರತಿ ಮಗುವಿನ ಹಾಳೆಯಲ್ಲೂ ಬರೆದುಕೊಳ್ಳಿ.

ಹದಿನೆಂಟು ದಾಟಿದವರ ವಿಷಯದಲ್ಲಿ ತಪ್ಪು ಇನ್ನೂ ಹೆಚ್ಚು. ಇಪ್ಪತ್ತೈದರ ಯುವಕನ ಪರವಾಗಿ ತಂದೆ ಸಹಿ ಹಾಕುವುದು ನಮ್ಮಲ್ಲಿ ಮಾಮೂಲು. ಕಾನೂನಿನ ಪ್ರಕಾರ ವಯಸ್ಕ ಮಗನಿಗೆ ತಂದೆ ತಾನಾಗಿಯೇ ಕಾನೂನುಬದ್ಧ ಪೋಷಕರಾಗುವುದಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ, ಬಹುವಿಧ ವಿಕಲತೆ ಇರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿ ಪೋಷಕರನ್ನು ನೇಮಿಸುತ್ತದೆ. 2016ರ ಕಾಯ್ದೆಯಲ್ಲಿ ಸೀಮಿತ ಪೋಷಕತ್ವ (ನಿರ್ದಿಷ್ಟ ವಿಷಯಕ್ಕೆ, ನಿರ್ದಿಷ್ಟ ಅವಧಿಗಷ್ಟೇ) ಇದೆ. ಹಾಗಂತ ಅಧ್ಯಯನಕ್ಕಾಗಿ ಎಲ್ಲರಿಗೂ ಪೋಷಕತ್ವ ಮಾಡಿಸಲು ಹೊರಡಬೇಡಿ. ಮೊದಲು ಆ ವ್ಯಕ್ತಿಯನ್ನೇ ಕೇಳಿ. ಸಣ್ಣ ವಾಕ್ಯಗಳಲ್ಲಿ ಹೇಳಿ, "ಈಗ ನಾನು ಹೇಳಿದ್ದನ್ನು ನೀವು ಹೇಳಿ" ಎಂದು ಮರುನುಡಿಸಿ. ಅರ್ಥವಾಗಿದ್ದರೆ ಒಪ್ಪಿಗೆ ಅವರದೇ. ಓದಲು ಬಾರದ ಪೋಷಕರಿದ್ದರೆ ಸಂಶೋಧನಾ ತಂಡಕ್ಕೆ ಸೇರದ ಸಾಕ್ಷಿಯೊಬ್ಬರು ಎದುರಿಗಿರಬೇಕು.

ರಕ್ತದ ಮಾದರಿ ತೆಗೆದು ತಳಿ ಪರೀಕ್ಷೆ ಮಾಡುವ ಯೋಜನೆಯಾದರೆ ಹೆಚ್ಚು ಜೋಪಾನ. ನಮ್ಮ ಕಡೆ ಸೋದರಮಾವ, ಅತ್ತೆಮಗನ ಜೊತೆ ಮದುವೆ ರೂಢಿಯಲ್ಲಿದೆ. ಕೆಲವು ತಳಿ ಕಾಯಿಲೆಗಳ ಸಾಧ್ಯತೆ ಅದರಿಂದ ಹೆಚ್ಚುತ್ತದೆ ಎಂಬುದೂ ನಿಜ. ಆದರೆ ವರದಿ ಮನೆಗೆ ಹೋದಾಗ "ಇವಳಿಂದಲೇ ಬಂತು" ಎಂದು ಸೊಸೆಯ ಮೇಲೆ ಹೊರಿಸುವುದಕ್ಕೆ, ಮಗುವಿನ ಅಕ್ಕನ ಮದುವೆ ಮಾತುಕತೆ ಮುರಿಯುವುದಕ್ಕೆ ಹೊತ್ತು ಬೇಕಾಗಿಲ್ಲ. ಯಾವ ಫಲಿತಾಂಶ, ಯಾರಿಗೆ, ಯಾರ ಎದುರು, ಯಾರು ಹೇಳಬೇಕು ಎಂಬುದನ್ನು ಮಾದರಿ ತೆಗೆಯುವ ಮೊದಲೇ ಬರೆದಿಡಿ. ತಳಿ ಸಮಾಲೋಚಕರ ನೆರವಿಲ್ಲದಿದ್ದರೆ ಆ ಭಾಗವನ್ನೇ ಕೈಬಿಡಿ.

5. ಜನ

ಬುದ್ಧಿಮತ್ತೆ ಪರೀಕ್ಷೆ, ವಿಶೇಷ ಶಿಕ್ಷಣ, ವಾಕ್ ಚಿಕಿತ್ಸೆ ಮಾಡುವವರು 1992ರ ಕಾಯ್ದೆಯಂತೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ (ಆರ್.ಸಿ.ಐ.) ನೋಂದಾಯಿಸಿರಬೇಕು. ಸಂದರ್ಶನಕ್ಕೆ ಮೊದಲೇ ನೋಂದಣಿ ಸಂಖ್ಯೆ ಪರಿಶೀಲಿಸಿ. ಎಂ.ಎ. ಮನಶ್ಶಾಸ್ತ್ರ ಓದಿದ ಕ್ಷೇತ್ರ ಸಹಾಯಕರು ಪ್ರಶ್ನಾವಳಿ ತುಂಬಿಸಬಹುದು. ರೋಗನಿರ್ಣಯದ ವರದಿಗೆ ಸಹಿ ಹಾಕುವಂತಿಲ್ಲ.

ಸಿಬ್ಬಂದಿಯಲ್ಲಿ ಯಾರೂ ಮಗುವಿನ ಜೊತೆ ಮುಚ್ಚಿದ ಬಾಗಿಲ ಹಿಂದೆ ಒಬ್ಬರೇ ಇರಬಾರದು. ಮನೆ ಭೇಟಿಗೆ ಇಬ್ಬರು ಹೋಗಬೇಕು. ಭೇಟಿಯ ವೇಳೆ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದ ಸುಳಿವು ಸಿಕ್ಕರೆ, 2012ರ ಪೋಕ್ಸೊ ಕಾಯ್ದೆಯ 19ನೇ ಕಲಂನಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. "ನೀವು ಹೇಳಿದ್ದು ಗುಟ್ಟಾಗಿರುತ್ತದೆ" ಎಂಬ ಒಪ್ಪಿಗೆ ಪತ್ರದ ಸಾಲಿನ ಜೊತೆಗೆ ಈ ಮಿತಿಯನ್ನೂ ಸೇರಿಸಿ. ಇಲ್ಲದಿದ್ದರೆ ಕ್ಷೇತ್ರ ಸಹಾಯಕಿ ಎರಡು ಕರ್ತವ್ಯಗಳ ನಡುವೆ ಸಿಕ್ಕಿಬೀಳುತ್ತಾಳೆ. ಇಂತಹ ಬೌದ್ಧಿಕ ವಿಕಲತೆ ಇರುವ ಮಕ್ಕಳು ಆದದ್ದನ್ನು ಹೇಳಿಕೊಳ್ಳಲಾಗದೆ ಹೆಚ್ಚು ಅಪಾಯದಲ್ಲಿರುತ್ತಾರೆ.

6. ಹಣ

ಐ.ಸಿ.ಎಂ.ಆರ್., ಐ.ಸಿ.ಎಸ್.ಎಸ್.ಆರ್. (ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ), ಕೇಂದ್ರದ ವಿಜ್ಞಾನ ಇಲಾಖೆಗಳು, ಕಂಪನಿಗಳ ಸಿ.ಎಸ್.ಆರ್. (ಸಾಮಾಜಿಕ ಹೊಣೆಗಾರಿಕೆ) ನಿಧಿ ಮುಖ್ಯ ಮೂಲಗಳು. ವಿದೇಶಿ ಹಣಕ್ಕೆ ಎಫ್.ಸಿ.ಆರ್.ಎ. (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನಿಯಮ ಇದೆ; ಕೈಗೆ ಬಂದ ಮೇಲೆ ಕೇಳುವ ಬದಲು ಮೊದಲೇ ಹಣಕಾಸು ಅಧಿಕಾರಿಯನ್ನು ಕೇಳಿ. ಖರೀದಿಗೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆ ಕಾಯ್ದೆ ಅನ್ವಯ. ಯು.ಸಿ. (ಹಣಬಳಕೆ ಪ್ರಮಾಣಪತ್ರ) ಮಾರ್ಚ್ 31ರ ಲೆಕ್ಕಕ್ಕೆ ಹೋಗದಿದ್ದರೆ ಮುಂದಿನ ಕಂತು ಬರುವುದಿಲ್ಲ, ಗುತ್ತಿಗೆ ಸಿಬ್ಬಂದಿಯ ಸಂಬಳ ನಿಲ್ಲುತ್ತದೆ, ಒಳ್ಳೆಯ ವಿಶೇಷ ಶಿಕ್ಷಕಿ ಬೇರೆಡೆಗೆ ಹೋಗುತ್ತಾಳೆ. ಆದ್ದರಿಂದ ಲೆಕ್ಕವನ್ನು ತಿಂಗಳು ತಿಂಗಳಿಗೇ ಮುಗಿಸಿ.

ಹೆಚ್ಚು ಯೋಚನೆ ಬೇಡುವುದು ಕುಟುಂಬಗಳಿಗೆ ಕೊಡುವ ಪ್ರಯಾಣ ವೆಚ್ಚ. ಲೆಕ್ಕಪತ್ರ ಶಾಖೆ ಬಸ್ ಟಿಕೆಟ್ ಕೇಳುತ್ತದೆ. 2023ರ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಲ್ಲಿ ಬಂದ ತಾಯಿಯ ಕೈಯಲ್ಲಿರುವುದು ಶೂನ್ಯ ದರದ ಟಿಕೆಟ್. ಆಕೆಗೆ ಆಗುವ ನಿಜವಾದ ಖರ್ಚು ಹಳ್ಳಿಯಿಂದ ಬಸ್ ನಿಲ್ದಾಣದವರೆಗಿನ ಆಟೋ, ಮಧ್ಯಾಹ್ನದ ಊಟ, ಹೋದ ಕೂಲಿ. ಇದಕ್ಕೆ ಬಿಲ್ ಸಿಗುವುದಿಲ್ಲ. ಹಾಗಾಗಿ ತಾಲ್ಲೂಕುವಾರು ನಿಗದಿತ ಮೊತ್ತವೊಂದನ್ನು ಹಣಕಾಸು ಸಮಿತಿಯಲ್ಲಿ ಮಂಜೂರು ಮಾಡಿಸಿಟ್ಟುಕೊಳ್ಳಿ: ಸಹಿ ಅಥವಾ ಹೆಬ್ಬೆಟ್ಟಿನ ವೋಚರ್ ಸಾಕು, ಪಾವತಿ ಅದೇ ದಿನ ಆಗಬೇಕು. "ಬ್ಯಾಂಕಿಗೆ ಹಾಕುತ್ತೇವೆ" ಎಂದು ಕಳಿಸಿದರೆ ಆ ಕುಟುಂಬ ಎರಡನೇ ಸಲ ಬರುವುದು ಅನುಮಾನ. ಮೊತ್ತವನ್ನು ಎಥಿಕ್ಸ್ ಕಮಿಟಿಗೂ ತಿಳಿಸಿ. ನಷ್ಟ ತುಂಬಿಕೊಡುವುದು ಸರಿ. ದುಡ್ಡಿನ ಆಸೆಗೇ ಬರುವಷ್ಟು ಕೊಡುವುದು ತಪ್ಪು.

7. ಪರೀಕ್ಷಾ ಸಾಧನಗಳು, ಮತ್ತು ಸರ್ಟಿಫಿಕೇಟಿನ ಪ್ರಶ್ನೆ

ನಮ್ಮಲ್ಲಿ ಬಳಕೆಯಲ್ಲಿರುವ ಬಿನೆ-ಕಾಮತ್ ಬುದ್ಧಿಮತ್ತೆ ಪರೀಕ್ಷೆಯ ಮೂಲ ರೂಪ ಸಿದ್ಧವಾಗಿದ್ದು 1930ರ ದಶಕದಲ್ಲಿ, ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ. ಮನೆಯಲ್ಲಿ ತೆಲುಗು ಆಡುವ ಪಾವಗಡದ ಅಥವಾ ಬಾಗೇಪಲ್ಲಿಯ ಮಗುವಿಗೆ, ಉರ್ದು ಆಡುವ ಶಿರಾದ ಮಗುವಿಗೆ, ತಮಿಳು ಆಡುವ ಕೆ.ಜಿ.ಎಫ್.ನ ಮಗುವಿಗೆ ಕನ್ನಡದಲ್ಲಿ ಪ್ರಶ್ನೆ ಕೇಳಿ ಬಂದ ಅಂಕವನ್ನು ಬುದ್ಧಿಮಟ್ಟ ಎಂದು ಬರೆಯಬೇಡಿ. ಮನೆಮಾತಿನಲ್ಲಿ ಕೇಳುವವರು ತಂಡದಲ್ಲಿರಲಿ. ದಿನನಿತ್ಯದ ಕೌಶಲ ಅಳೆಯಲು ವೈನ್‌ಲ್ಯಾಂಡ್ ಮಾಪಕದ ಭಾರತೀಯ ರೂಪವನ್ನೂ ಜೊತೆಗೆ ಬಳಸಿ. ಆಟಿಸಂಗೆ ಸಿಕಂದರಾಬಾದಿನಲ್ಲಿರುವ ಬೌದ್ಧಿಕ ವಿಕಲತೆಯ ರಾಷ್ಟ್ರೀಯ ಸಂಸ್ಥೆ ರೂಪಿಸಿದ ಐಸಾ ಮಾಪಕ ಇದೆ: 40 ಅಂಶಗಳು, 70ಕ್ಕಿಂತ ಕಡಿಮೆ ಅಂಕ ಬಂದರೆ ಆಟಿಸಂ ಇಲ್ಲ ಎಂದು ಎಣಿಕೆ.

ಬಾಗಿಲಿಗೆ ಬಂದ ಹತ್ತು ಪೋಷಕರಲ್ಲಿ ಬಹುಪಾಲು ಕೇಳುವುದು "ಸರ್ಟಿಫಿಕೇಟ್ ಕೊಡ್ತೀರಾ ಸಾರ್?" ಎಂದೇ. ಪಿಂಚಣಿ, ಪಾಸು, ವಿದ್ಯಾರ್ಥಿವೇತನ ಎಲ್ಲಕ್ಕೂ ಯು.ಡಿ.ಐ.ಡಿ. ಕಾರ್ಡು (ವಿಕಲಚೇತನರ ಗುರುತಿನ ಚೀಟಿ) ಬೇಕು, ಅದನ್ನು ಕೊಡುವುದು ಸರ್ಕಾರ ಗುರುತಿಸಿದ ವೈದ್ಯಕೀಯ ಪ್ರಾಧಿಕಾರ, ನೀವಲ್ಲ. ಕರಪತ್ರದಲ್ಲಿ, ಫೋನಿನಲ್ಲಿ, ಗೋಡೆಯ ಮೇಲೆ ಇದನ್ನು ದೊಡ್ಡ ಅಕ್ಷರದಲ್ಲಿ ತಿಳಿಸಿ. ಇಲ್ಲವಾದರೆ ಸರ್ಟಿಫಿಕೇಟಿನ ಆಸೆಗೆ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಆಗುವುದಿಲ್ಲ. ಆದರೆ ಅಷ್ಟಕ್ಕೇ ಕೈತೊಳೆದುಕೊಳ್ಳಬೇಡಿ. ಅರ್ಜಿ ಹಾಕಲು ನೆರವಾಗಿ. ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆ (1 ಲಕ್ಷ ರೂಪಾಯಿವರೆಗೆ), ಡಿ.ಇ.ಐ.ಸಿ., ಬೆಂಗಳೂರಿನ ನಿಮ್ಹಾನ್ಸ್, ಮಾತು-ಶ್ರವಣಕ್ಕೆ ಮೈಸೂರಿನ ಆಯಿಷ್, ಇವುಗಳಿಗೆ ಹೋಗುವ ದಾರಿ, ಬೇಕಾದ ಕಾಗದಗಳನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಪ್ರತಿ ಕುಟುಂಬದ ಕೈಗೂ ಕೊಡಿ.

8. ದಾಖಲೆ

ಹೆಸರಿನ ಬದಲು ಸಂಕೇತ ಸಂಖ್ಯೆ ಬಳಸಿ. ಹೆಸರು-ಸಂಖ್ಯೆ ಜೋಡಿಸುವ ಕಡತ ಬೇರೆ ಬೀಗದಲ್ಲಿರಲಿ. ವಾಟ್ಸಾಪ್ ಗುಂಪಿನಲ್ಲಿ ಮಗುವಿನ ಫೋಟೊ, ವಿಡಿಯೊ, ವರದಿ ಹಂಚುವುದಕ್ಕೆ ಪೂರ್ತಿ ನಿಷೇಧ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಕ್ಕಳ ಹಾಗೂ ಕಾನೂನುಬದ್ಧ ಪೋಷಕರಿರುವ ವಿಕಲಚೇತನರ ಮಾಹಿತಿಗೆ ಪರಿಶೀಲಿಸಬಹುದಾದ ಒಪ್ಪಿಗೆ ಕೇಳುತ್ತದೆ. ಹೆಸರು ತೆಗೆದರೆ ಗುರುತು ಹೋಯಿತು ಎಂದುಕೊಳ್ಳಬೇಡಿ. ಊರಿನ ಹೆಸರು, ವಯಸ್ಸು, ಡೌನ್ ಸಿಂಡ್ರೋಮ್, ಅಪ್ಪನ ಕಸುಬು, ಇಷ್ಟು ಬರೆದರೆ ಮಧುಗಿರಿ ಕಡೆಯ ಓದುಗರಿಗೆ ಅದು ಯಾರ ಮನೆ ಎಂದು ಗೊತ್ತಾಗಿಬಿಡುತ್ತದೆ. ಪ್ರಬಂಧ ಕಳಿಸುವ ಮೊದಲು ಆ ತಾಲ್ಲೂಕಿನವರೊಬ್ಬರು ಓದಿ ನೋಡಲಿ.

9. ವರ್ಷದ ಲೆಕ್ಕಾಚಾರ

ಅನುದಾನದ ಕ್ಯಾಲೆಂಡರ್ ಹಿಡಿದು ಶಿಬಿರದ ದಿನಾಂಕ ಇಡಬೇಡಿ. ರಾಗಿ ಕೊಯ್ಲಿನ ದಿನಗಳಲ್ಲಿ, ಶಿವರಾತ್ರಿ ಸಮಯದ ಸಿದ್ಧಗಂಗೆ ಜಾತ್ರೆಯಲ್ಲಿ, ಊರ ಹಬ್ಬದ ವಾರದಲ್ಲಿ ಯಾರೂ ಬರುವುದಿಲ್ಲ. ಜೂನ್ ತಿಂಗಳು ಶಾಲೆ ಸೇರಿಸುವ ಗಡಿಬಿಡಿ. ಏಪ್ರಿಲ್ ಬಿಸಿಲಲ್ಲಿ ಮೂರ್ಛೆ ರೋಗವೂ ಇರುವ ಮಗುವನ್ನು ಮಧ್ಯಾಹ್ನ ಕಾಯಿಸುವುದು ಸಲ್ಲದು. ತಂಡವೇ ತಾಲ್ಲೂಕಿಗೆ ಹೋಗುವ ದಿನಗಳನ್ನು ಎಂ.ಆರ್.ಡಬ್ಲ್ಯೂ. ಜೊತೆ ಕೂತು ಗೊತ್ತುಮಾಡಿಕೊಳ್ಳಿ.

10. ಫಲಿತಾಂಶ ಒಪ್ಪಿಸುವುದು, ಯೋಜನೆ ಮುಗಿಸುವುದು

ಪತ್ರಿಕೆಯವರಿಗೆ ಹೇಳುವ ಮೊದಲು ಕುಟುಂಬಗಳಿಗೆ ಹೇಳಿ. ಮಗುವಿನ ವರದಿ ಎರಡು ಪುಟದ ಕನ್ನಡದಲ್ಲಿರಲಿ: ಮಗುವಿಗೆ ಏನು ಬರುತ್ತದೆ ಎಂಬುದು ಮೊದಲು, ಏನು ಕಷ್ಟ ಎಂಬುದು ನಂತರ, ಮನೆಯಲ್ಲಿ ಏನು ಮಾಡಬಹುದು ಎಂಬುದು ಕೊನೆಗೆ. ಅಧ್ಯಯನದ ಒಟ್ಟು ಫಲಿತಾಂಶವನ್ನು ತಾಲ್ಲೂಕು ಕೇಂದ್ರದಲ್ಲಿ ಸಭೆ ಕರೆದು ತಿಳಿಸಿ, ಪ್ರಶ್ನೆಗಳಿಗೆ ಪ್ರಧಾನ ಸಂಶೋಧಕರೇ ಉತ್ತರಿಸಲಿ.

ಅನುದಾನ ಮುಗಿಯುವ ಆರು ತಿಂಗಳ ಮೊದಲೇ ಮುಕ್ತಾಯದ ಕೆಲಸ ಶುರುವಾಗಬೇಕು. ವಾರವಾರ ಚಿಕಿತ್ಸೆಗೆ ಬರುತ್ತಿದ್ದ ಮಕ್ಕಳನ್ನು ಯಾರಿಗೆ ಒಪ್ಪಿಸುತ್ತೀರಿ ಎಂದು ಹೆಸರು ಹಿಡಿದು ಬರೆದಿಡಿ. ಅವರನ್ನು ಸೇರಿಸಿಕೊಳ್ಳುವ ಸಂಸ್ಥೆಯ ಒಪ್ಪಿಗೆ ಪತ್ರ ಕೈಯಲ್ಲಿರಲಿ. ಮೂಲ ವರದಿಗಳ ಪ್ರತಿ ಪೋಷಕರಿಗೆ, ಕಿಟ್ಟುಗಳು ವಿಭಾಗದ ದಾಸ್ತಾನು ಪುಸ್ತಕಕ್ಕೆ, ಸಂಕೇತ ಕಡತ ಆದೇಶದಲ್ಲಿ ಹೇಳಿದ ಅಧಿಕಾರಿಯ ವಶಕ್ಕೆ. ಕೇಂದ್ರದ ಫೋನ್ ಸಂಖ್ಯೆಯನ್ನು ಕೂಡಲೇ ರದ್ದು ಮಾಡಿಸಬೇಡಿ. ಇನ್ನೊಂದು ವರ್ಷವಾದರೂ ಯಾರಾದರೂ ಎತ್ತಿ ಮಾತಾಡುವಂತೆ ಏರ್ಪಾಡು ಮಾಡಿ, ಆ ಖರ್ಚನ್ನು ಮೊದಲ ಬಜೆಟ್ಟಿನಲ್ಲೇ ಸೇರಿಸಿಕೊಳ್ಳಿ.